ಕಾಲುವೆಯ ಏರಿ ಹಿಡಿದು

ಹಂಪಿಗೆ ಹೋಗಿ ಬಂದವರು ಸಾಮಾನ್ಯವಾಗಿ ಕಲ್ಲಿನ ಮಾತಾಡುತ್ತಾರೆ. ಕಲ್ಲಿನ ರಥ, ಸಂಗೀತದ ಕಂಬ, ಉಗ್ರನರಸಿಂಹ, ಸಾಸಿವೆಕಾಳು ಗಣಪ. ಶಾಲೆಯ ಪ್ರವಾಸದಲ್ಲಿ ಹೋಗಿ ಬಂದಾಗ ನಾನೂ ಮನೆಯಲ್ಲಿ ಇದನ್ನೇ ಒಪ್ಪಿಸಿದ್ದೆ. ಕಳೆದ ಕಾರ್ತಿಕದಲ್ಲಿ ನಮ್ಮ ತುಮಕೂರು ಜಿಲ್ಲೆಯ ಚೇಳೂರಿನ ಗೆಳೆಯನ ಜೊತೆ ಮತ್ತೆ ಹೋದೆ. ಅವನು ಕಲ್ಲು ನೋಡಲು ಬಂದವನಲ್ಲ, ನೀರು ನೋಡಲು ಬಂದವನು. ಅವನ ಹಿಂದೆ ನಡೆದದ್ದರಿಂದ ನನಗೆ ಕಂಡ ಊರೇ ಬೇರೆ.

ಕಾಲುವೆಯ ನಗರ ಅಂದಕೂಡಲೇ ವೆನಿಸ್, ಆಮ್‌ಸ್ಟರ್‌ಡ್ಯಾಂ ನೆನಪಾಗುತ್ತವೆ. ಹತ್ತಿರದಲ್ಲಿ ಕೇರಳದ ಆಲಪ್ಪುಳ. ವಿಜಯನಗರವನ್ನು ಆ ಸಾಲಿನಲ್ಲಿ ಯಾರೂ ಹೇಳುವುದಿಲ್ಲ. ಅಲ್ಲಿ ಮನೆಬಾಗಿಲಿಗೆ ದೋಣಿ ಬರುತ್ತಿರಲಿಲ್ಲ, ನಿಜ. ಆದರೆ ಬಂಡೆಯ ಮೇಲೆ ಬಂಡೆ ಬಿದ್ದಿರುವ, ಮಳೆ ಕಡಿಮೆ ಇರುವ ಒಂದು ನಾಡಿನಲ್ಲಿ ನದಿಯನ್ನು ತಿರುವಿ ತಂದು ಕೋಟೆಯೊಳಗೇ ಭತ್ತ ಬೆಳೆದು, ಅರಮನೆಯ ಕೊಳ ತುಂಬಿಸಿ, ಗುಡಿಯ ಪುಷ್ಕರಣಿ ತುಂಬಿಸಿ ಒಂದು ರಾಜಧಾನಿಯನ್ನು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಸಾಕಿದ್ದು ಕಾಲುವೆಗಳೇ. 1336ರಲ್ಲಿ ಹುಟ್ಟಿದ ರಾಜ್ಯದ ಈ ರಾಜಧಾನಿ 1565ರ ಯುದ್ಧದ ನಂತರ ಪಾಳುಬಿತ್ತು. ಕಾಲುವೆ ಪಾಳುಬೀಳಲಿಲ್ಲ. ಇವತ್ತಿಗೂ ಅದರಲ್ಲಿ ನೀರಿದೆ, ಅದರ ದಡದಲ್ಲಿ ಬಾಳೆ ಇದೆ. ಇದನ್ನು ಕಾಲುವೆಯ ನಗರ ಅನ್ನದೆ ಇನ್ನೇನನ್ನು ಅನ್ನಬೇಕೋ ನನಗೆ ತಿಳಿಯದು.

ಗೆಳೆಯನ ತಾತ ನಮ್ಮ ಕಡೆಯ ಒಂದು ಕೆರೆಗೆ ನೀರುಗಂಟಿಯಾಗಿದ್ದವರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು, ಮಳೆ ಜೋರಾದ ರಾತ್ರಿ ಲಾಟೀನು ಹಿಡಿದು ಏರಿಯ ಮೇಲೆ ತಿರುಗುವುದು ಅವರ ಕೆಲಸ. ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರೆಲ್ಲ ಅವರಿಗೆ ಆಯ ಎಂದು ಭತ್ತ ಅಳೆದು ಕೊಡುತ್ತಿದ್ದರಂತೆ. ಈಗ ಆ ಕೆರೆಯ ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ. ಗುಡ್ಡದಿಂದ ಕೆರೆಗೆ ನೀರು ತರುತ್ತಿದ್ದ ಹಳ್ಳ ಒಂದು ಕಡೆ ರಸ್ತೆಗೆ, ಇನ್ನೊಂದು ಕಡೆ ತೋಟಕ್ಕೆ ಸೇರಿಹೋಗಿದೆ. ಗೆಳೆಯನ ತೆಂಗು, ಅಡಿಕೆ, ಹಲಸು ಎಲ್ಲವೂ ಕೊಳವೆಬಾವಿಯ ಮೇಲೆ ನಿಂತಿವೆ. ಚೇಳೂರು ಹಲಸಿಗೆ ಹೆಸರಾದ ಊರು. ಅಲ್ಲಿಯ ಒಂದು ಮರದಿಂದ ಆಯ್ದ ಸಿದ್ದು ಎಂಬ ತಳಿಯನ್ನು ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರು ನಾಡಿಗೆಲ್ಲ ಹಂಚಿದರು. ಹಲಸು ನೀರು ಕೇಳದ ಮರ. ಅಡಿಕೆ ಕೇಳುತ್ತದೆ. ಗೆಳೆಯನ ಚಿಂತೆಯೆಲ್ಲ ಆ ಅಡಿಕೆಯದು.

ಶಿರಾ, ಹಿರಿಯೂರು, ಚಿತ್ರದುರ್ಗ, ಕೂಡ್ಲಿಗಿ ದಾಟಿ ಬಸ್ಸು ಹೊಸಪೇಟೆಗೆ ಇಳಿಯುವವರೆಗೆ ದಾರಿಯುದ್ದಕ್ಕೂ ನಮ್ಮ ಕಡೆಯದೇ ಬಯಲುಸೀಮೆ. ಹೊಸಪೇಟೆ ಬಂದಾಗ ಒಮ್ಮೆಲೇ ಕಬ್ಬು, ಬಾಳೆ, ಭತ್ತ. ಗೆಳೆಯ ಕಿಟಕಿಗೆ ಮುಖ ಕೊಟ್ಟು, "ಇಲ್ಲಿ ಮಳೆ ನಮಗಿಂತ ಜಾಸ್ತಿ ಏನಿಲ್ಲ ಕಣೋ. ಇದೆಲ್ಲ ತಂದ ನೀರು" ಅಂದ.

ಬೆಳಗ್ಗೆ ಮೊದಲು ಕಮಲಾಪುರದ ಕೆರೆ ಏರಿ ಹತ್ತಿದೆವು. ಹಂಪಿಗೆ ಬರುವ ವಾಹನಗಳೆಲ್ಲ ಈ ಕೆರೆಯ ಪಕ್ಕದಲ್ಲೇ ಹಾಯುತ್ತವೆ, ಇಳಿದು ನೋಡುವವರು ಕಡಿಮೆ. ತುಂಗಭದ್ರೆಯಿಂದ ತಂದ ರಾಯ ಕಾಲುವೆಯ ನೀರು ಬಂದು ನಿಲ್ಲುವುದು ಇದರಲ್ಲಿ. ಇಲ್ಲಿಂದ ಮುಂದೆ ಅರಮನೆಯ ಪ್ರದೇಶಕ್ಕೆ ನೀರು ಹೋಗುತ್ತಿತ್ತು. ಮಹಾನವಮಿ ದಿಬ್ಬದ ಆಸುಪಾಸಿನಲ್ಲಿ ಆ ಏರ್ಪಾಡಿನ ಉಳಿಕೆ ಕಣ್ಣಿಗೆ ಬೀಳುತ್ತದೆ. ಆಳೆತ್ತರದ ಕಲ್ಲುಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಒಂದಕ್ಕೊಂದು ಸೇರಿಸಿ ಕೂರಿಸಿದ್ದಾರೆ. ಅದರ ಜಾಡು ಹಿಡಿದು ಹೋದರೆ ಕರಿಶಿಲೆಯ ಮೆಟ್ಟಿಲುಗಳ ಪುಷ್ಕರಣಿ. ಐದು ಹಂತಗಳ ಈ ಕೊಳ 1980ರ ದಶಕದ ಉತ್ಖನನದವರೆಗೆ ಮಣ್ಣಿನಡಿ ಮುಚ್ಚಿಹೋಗಿತ್ತು. ಕಲ್ಲುಗಳ ಮೇಲೆ ಯಾವುದು ಯಾವ ದಿಕ್ಕಿನ ಯಾವ ಸಾಲಿನದು ಎಂದು ಕಲ್ಲುಕುಟಿಗರು ಗುರುತು ಕೊರೆದಿದ್ದಾರೆ. ಬೇರೆಲ್ಲೋ ಕೆತ್ತಿ, ಇಲ್ಲಿ ತಂದು ಜೋಡಿಸಿದ ಕೊಳ ಅದು.

ಜನ ಪುಷ್ಕರಣಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗೆಳೆಯ ಕಲ್ಲುದೋಣಿಯ ಮಟ್ಟಕ್ಕೆ ಕಣ್ಣಿಟ್ಟು ಅದರ ಇಳಿಜಾರು ನೋಡುತ್ತಿದ್ದ. ಇಳಿಜಾರು ಹೆಚ್ಚಾದರೆ ನೀರು ನುಗ್ಗಿ ಸಂದು ಬಿಡಿಸುತ್ತದೆ, ಕಡಿಮೆಯಾದರೆ ನಿಂತು ಪಾಚಿಗಟ್ಟುತ್ತದೆ. "ಈ ಮಟ್ಟ ಹಿಡಿದವನು ಯಾರೋ, ಅವನ ಹೆಸರು ಬೇಕಿತ್ತು" ಅಂದ. ಕಟ್ಟಿಸಿದ ರಾಜರ ಹೆಸರು ಶಾಸನಗಳಲ್ಲಿ ಸಿಗುತ್ತದೆ. ಮಟ್ಟ ಹಿಡಿದವರದು ಅಪರೂಪ.

1443ರಲ್ಲಿ ಪರ್ಷಿಯಾದಿಂದ ಬಂದ ಅಬ್ದುರ್ ರಜಾಕ್ ಅರಮನೆಯ ಬಳಿ ನಯಗೊಳಿಸಿದ ಕಲ್ಲುಗಾಲುವೆಗಳಲ್ಲಿ ನೀರು ಹರಿಯುವುದನ್ನು ಕಂಡು ಬರೆದಿಟ್ಟಿದ್ದಾನೆ. ಊರಿನ ಹೊರಗಿನ ಕೋಟೆಗೋಡೆಗಳ ನಡುವೆ ಹೊಲ, ತೋಟ, ಮನೆಗಳಿದ್ದವು ಎಂದೂ ಹೇಳಿದ್ದಾನೆ. ಅವನು ಕಂಡದ್ದರ ಒಂದು ತುಣುಕು ಭೋಜನಶಾಲೆ ಎಂದು ಜನ ಕರೆಯುವ ಜಾಗದಲ್ಲಿ ಉಳಿದಿದೆ. ಹಸಿರು ಛಾಯೆಯ ಕಲ್ಲಿನಲ್ಲಿ ಎಲೆಯ, ತಟ್ಟೆಯ ಆಕಾರ ಕೊರೆದು ಎರಡು ಸಾಲು ಮಾಡಿದ್ದಾರೆ, ನಡುವೆ ನೀರು ಹರಿಯುವ ಕಾಲುವೆ. ಉಂಡವರು ಕೂತಲ್ಲೇ ಕೈ ತೊಳೆಯಬಹುದಿತ್ತು. ನನಗೆ ಇಡೀ ಹಂಪಿಯಲ್ಲಿ ತೀರ ಇಷ್ಟವಾದ ಜಾಗ ಇದು. ರಾಜ್ಯದ ವೈಭವವನ್ನು ಆನೆಲಾಯದ ಗುಮ್ಮಟಗಳಿಗಿಂತ ಚೆನ್ನಾಗಿ ಈ ಸಾಲು ಹೇಳುತ್ತದೆ, ಯಾಕೆಂದರೆ ನೀರು ಊಟದ ಎಲೆಯ ಬದಿಗೇ ಬಂದು ಹೋಗುವಷ್ಟು ಧಾರಾಳವಾಗಿತ್ತು ಎಂದಾಯಿತು.

ನಾವು ಹೋದದ್ದು ಮುಖ್ಯವಾಗಿ ತುರ್ತು ಕಾಲುವೆಗಾಗಿ. ಹಂಪಿಯಿಂದ ಮೇಲಕ್ಕೆ, ತುಂಗಭದ್ರೆ ಬಂಡೆಗಳ ನಡುವೆ ಹಾಯುವ ಕಡೆ ಅಣೆ ಕಟ್ಟಿ ಬಲದಂಡೆಗೆ ತಿರುಗಿಸಿದ ಕಾಲುವೆ ಇದು. ಶಾಸನಗಳಲ್ಲಿ ಬರುವ ಹಿರಿಯ ಕಾಲುವೆ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಒಂದು ಕಡೆ ವಿರೂಪಾಕ್ಷ, ಹೇಮಕೂಟ, ವಿಠ್ಠಲರ ಗುಡಿಗಳ ಪ್ರದೇಶ, ಇನ್ನೊಂದು ಕಡೆ ಅರಮನೆಯ ಪ್ರದೇಶ. ಇವೆರಡರ ನಡುವಿನ ಕಣಿವೆಯಲ್ಲಿ ಕಾಲುವೆ ಹರಿಯುತ್ತದೆ. ದೇವರ ಊರಿಗೂ ದೊರೆಯ ಊರಿಗೂ ಮಧ್ಯೆ ಗದ್ದೆಯ ಬಯಲು. ಮತಂಗ ಬೆಟ್ಟದ ಮೇಲಿಂದ ನೋಡಿದರೆ ಬೂದು ಬಂಡೆಗಳ ನಡುವೆ ಹಸಿರು ಪಟ್ಟಿಯೊಂದು ಬಳಸಿ ಬಳಸಿ ಸಾಗುತ್ತದೆ. ಆ ಹಸಿರು ಎಲ್ಲಿ ಮುಗಿಯುತ್ತದೋ ಕಾಲುವೆಯ ನೀರು ಮುಟ್ಟುವುದು ಅಲ್ಲಿಯವರೆಗೆ ಮಾತ್ರ. ನಕ್ಷೆಯೇ ಬೇಡ.

ಬಡವಿಲಿಂಗದಿಂದ ಶುರುಮಾಡಿದೆವು. ಆಳಿಗಿಂತ ಎತ್ತರದ ಆ ಏಕಶಿಲಾ ಲಿಂಗದ ಬುಡದಲ್ಲಿ ಸದಾ ನೀರು ನಿಂತಿರುತ್ತದೆ. ಕಾಲುವೆಯ ನೀರು ಗರ್ಭಗುಡಿಯೊಳಗೆ ಬಂದು ಹೋಗುವ ಹಾಗೆ ಕಟ್ಟಿದ ಗುಡಿ ಅದು. ಪಕ್ಕದಲ್ಲೇ 1528ರ ಲಕ್ಷ್ಮೀನರಸಿಂಹ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಉದಯಗಿರಿ ಗೆದ್ದು ಬಂದ ಕೃಷ್ಣದೇವರಾಯ ಕಟ್ಟಿಸಿದ ಕೃಷ್ಣ ದೇವಾಲಯ. ಅದರ ಎದುರಿನ ಬಜಾರಿನ ಕಂಬಸಾಲು ಮುಗಿಯುತ್ತಲೇ ಬಾಳೆತೋಟ. ನಡುಹಗಲಿನಲ್ಲೂ ತಂಪು. ಕಾಲುವೆಯ ಏರಿ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲ. ಕೆಲವು ಕಡೆ ಸಿಮೆಂಟು ಬಳಿದಿದ್ದಾರೆ, ಕೆಲವು ಕಡೆ ಹಳೆಯ ಗುಂಡುಕಲ್ಲಿನ ದಡ ಹಾಗೇ ಇದೆ. ಬಂಡೆ ಎದುರಾದಲ್ಲಿ ಕಾಲುವೆ ಬಂಡೆಯನ್ನು ಸುತ್ತುತ್ತದೆ, ಒಡೆಯುವುದಿಲ್ಲ. ಹಾಗೆ ಸುತ್ತುವಾಗಲೂ ಮಟ್ಟ ತಪ್ಪುವುದಿಲ್ಲ.

ಗೆಳೆಯ ಅಲ್ಲಲ್ಲಿ ಕೂತು ಮಡೆ ನೋಡಿದ. ಒಂದು ಕಡೆ ಹಳೆಯ ಸೀರೆಯ ಗಂಟು, ಒಂದು ಕಡೆ ಬಾಳೆದಿಂಡು, ಒಂದು ಕಡೆ ಹಸಿ ಮಣ್ಣಿನ ಹೆಂಟೆ ಇಟ್ಟು ನೀರು ಕಟ್ಟಿದ್ದರು. "ನಮ್ಮ ತಾತನೂ ಹೀಗೇ ಮಾಡೋದು" ಅಂದ. ಗದ್ದೆಗೆ ನೀರು ಹಾಯಿಸುತ್ತಿದ್ದ ರೈತರೊಬ್ಬರು ನಮ್ಮನ್ನು ಇಲಾಖೆಯವರು ಅಂದುಕೊಂಡು ಗಂಭೀರವಾಗಿ ನಿಂತರು. ಅಲ್ಲ, ನೋಡಲು ಬಂದವರು ಎಂದು ತಿಳಿದ ಮೇಲೆ, "ಗುಡಿ ಆ ಕಡೀಗ ಅದಾವ್ರಿ" ಎಂದು ದಾರಿ ತೋರಿಸಿದರು. ಕಾಲುವೆಯನ್ನೇ ನೋಡಲು ಬಂದಿದ್ದೇವೆ ಎಂದಾಗ ಸಲಿಕೆ ಕೆಳಗಿಟ್ಟು ಮಾತಿಗೆ ನಿಂತರು. ವರ್ಷದ ಬಹುಪಾಲು ನೀರು ಇರುತ್ತದೆ, ದುರಸ್ತಿಗೆಂದು ನಿಲ್ಲಿಸುವ ದಿನಗಳು ಬಿಟ್ಟರೆ. ಮೋಟಾರು ಬೇಕಿಲ್ಲ, ಕರೆಂಟು ಕಾಯಬೇಕಿಲ್ಲ. ಅವರಪ್ಪ, ಅಜ್ಜ, ಅವರಜ್ಜ ಎಲ್ಲರೂ ಇದೇ ನೀರು ಕಟ್ಟಿದವರು.

ಸಾಮ್ರಾಜ್ಯ ಹೋದರೂ ಕಾಲುವೆ ಉಳಿದದ್ದು ಹೇಗೆ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಈ ಮಾತಿನಲ್ಲೇ. ಅರಮನೆಗೆ ದೊರೆ ಬೇಕು, ಪೇಟೆಗೆ ವ್ಯಾಪಾರಿ ಬೇಕು. ಇಬ್ಬರೂ ಹೋದರು, ಅವೂ ಹೋದವು. ಕಾಲುವೆಗೆ ಬೇಕಿದ್ದದ್ದು ಪ್ರತಿ ವರ್ಷ ಹೂಳೆತ್ತಿ, ಒಡೆದ ದಡಕ್ಕೆ ಮಣ್ಣು ಹಾಕುವ ಜನ. ಅವರು ಎಲ್ಲಿಗೂ ಹೋಗಲಿಲ್ಲ. ವಿಜಯನಗರದ ಅರಸರ ಶಾಸನಗಳಲ್ಲಿ ಕೆರೆ, ಕಾಲುವೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ದಶವಂದ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟ ಉಲ್ಲೇಖಗಳು ಸಾಲುಸಾಲಾಗಿ ಸಿಗುತ್ತವೆ. ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿದಾಗ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು ಯಾವುವು ಎಂದು ಕಲ್ಲಿನ ಮೇಲೇ ಬರೆಸಿದ. ಕಟ್ಟುವುದಷ್ಟೇ ಅಲ್ಲ, ಕಟ್ಟಿದ್ದನ್ನು ಕಾಯುವವರ ಹೊಟ್ಟೆಪಾಡನ್ನೂ ಜೊತೆಗೇ ಗೊತ್ತುಮಾಡುತ್ತಿದ್ದರು. ನಮ್ಮೂರಿನ ನೀರುಗಂಟಿಯ ಆಯ ಅದೇ ದಾರಿಯದು. ಆ ಆಯ ನಿಂತ ಮೇಲೆ ಕೆರೆ ಕಾಯುವವರು ನಿಂತರು. ಕೆರೆ ಹಾಳಾದದ್ದು ಆಮೇಲೆ.

ತುಂಗಭದ್ರೆಯ ಎರಡೂ ದಂಡೆಯ ಹಳೆಯ ಕಾಲುವೆಗಳ ಹೆಸರುಗಳನ್ನು ಗೆಳೆಯ ಆ ರೈತರ ಬಾಯಿಂದ ಕೇಳಿ ಬರೆದುಕೊಂಡ. ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ತುರ್ತು, ರಾಮಸಾಗರ, ಕಂಪ್ಲಿ, ಬೆಳಗೋಡುಹಾಳ, ಸಿರುಗುಪ್ಪ, ದೇಶನೂರು. ಆಚೆ ದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಯ ಮೇಲಿನದು, ಕೆಳಗಿನದು. ಕೆಳಗೆ ರಾಯಚೂರಿನ ಕಡೆ ಬಿಚ್ಚಾಲಿ. ಹಂಪಿಗೆ ವಿಶ್ವ ಪರಂಪರೆಯ ಪಟ್ಟ ಬಂದದ್ದು 1986ರಲ್ಲಿ. ಆ ಪಟ್ಟದ ನೆರಳಿನಲ್ಲಿ ಕಲ್ಲಿಗೆ ಬೇಲಿ, ಕಾವಲು, ಫಲಕ ಎಲ್ಲ ಬಂದವು. ತುರ್ತು ಕಾಲುವೆಯ ಪಕ್ಕದಲ್ಲಿ ಅದರ ವಯಸ್ಸು ಹೇಳುವ ಒಂದು ಫಲಕವೂ ನಮಗೆ ಕಾಣಲಿಲ್ಲ. ಇರಬೇಕಿತ್ತು. ಮಕ್ಕಳನ್ನು ಪ್ರವಾಸ ಕರೆತರುವ ಮೇಷ್ಟ್ರುಗಳು ಒಂದು ಗಂಟೆ ಈ ಏರಿಯ ಮೇಲೆ ನಡೆಸಬೇಕು.

ಸಂಜೆಯ ಹೊತ್ತಿಗೆ ಕಾಲುವೆಯ ಎದುರು ದಿಕ್ಕಿನಲ್ಲಿ ನಡೆದು ನದಿಯ ದಂಡೆ ಸೇರಿದೆವು. ಹಳೆಯವರ ಅಣೆಯ ರೀತಿ ಅಲ್ಲಿಯ ನದಿಯನ್ನು ನೋಡಿದರೆ ಅರ್ಥವಾಗುತ್ತದೆ. ನದಿಯಲ್ಲಿ ಮೊದಲೇ ಇರುವ ಬಂಡೆ, ನಡುಗಡ್ಡೆಗಳನ್ನೇ ಆಧಾರ ಮಾಡಿಕೊಂಡು, ಅವುಗಳ ನಡುವಿನ ಸಂದಿಗಳಿಗೆ ಕಲ್ಲು ಕೂರಿಸಿ, ನೀರಿನ ಹರಿವಿಗೆ ಓರೆಯಾಗಿ ತಗ್ಗಿನ ಗೋಡೆ ಎಬ್ಬಿಸುವುದು. ನದಿಯನ್ನು ನಿಲ್ಲಿಸುವುದಿಲ್ಲ, ಒಂದು ಪಾಲನ್ನು ಪಕ್ಕಕ್ಕೆ ಕರೆಯುವುದು ಅಷ್ಟೆ. ಪ್ರವಾಹ ಬಂದರೆ ಗೋಡೆಯ ಮೇಲೆ ಹಾಯ್ದು ಹೋಗುತ್ತದೆ, ಹೂಳೂ ಅದರ ಜೊತೆ ಹೋಗುತ್ತದೆ. ಮೇಲ್ಗಡೆ 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟೆ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟು ಕೊಚ್ಚಿಹೋದಾಗ ಕೆಳಗಿನ ಊರುಗಳೆಲ್ಲ ಉಸಿರು ಬಿಗಿಹಿಡಿದು ಕಾದವು. ಅಣೆಕಟ್ಟೆ ಬೇಡವಾಗಿತ್ತು ಎಂದು ನಾನು ಹೇಳಲಾರೆ, ಲಕ್ಷಾಂತರ ಎಕರೆ ಅದರ ನೀರು ಕುಡಿದು ಬದುಕಿದೆ. ಕೃಷ್ಣದೇವರಾಯನ ಕಾಲದ ವಲ್ಲಭಾಪುರದ ಅಣೆ ಅದರ ಹಿನ್ನೀರಿನಲ್ಲಿ ಮುಳುಗಿತು, ರಾಯ, ಬಸವಣ್ಣ ಕಾಲುವೆಗಳು ಈಗ ಅಣೆಕಟ್ಟೆಯ ನೀರನ್ನೇ ತೆಗೆದುಕೊಳ್ಳುತ್ತವೆ. ಆದರೂ ಹೂಳನ್ನು ಕೂಡಿಡದೆ ಸಾಗಹಾಕುವ ಆ ಹಳೆಯ ಬುದ್ಧಿಯಿಂದ ಕಲಿಯುವುದು ಇನ್ನೂ ಬಹಳ ಇದೆ ಎಂದು ನನ್ನ ನಂಬಿಕೆ.

ಮರುದಿನ ಹರಿಗೋಲು. ಕೋದಂಡರಾಮನ ಗುಡಿಯ ಮುಂದಿನ ಚಕ್ರತೀರ್ಥದಲ್ಲಿ ನದಿ ಬಂಡೆಗಳ ನಡುವೆ ಇಕ್ಕಟ್ಟಾಗಿ, ಆಳವಾಗಿ ತಿರುಗುತ್ತದೆ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಹರಿಗೋಲು ಇಳಿಸುವುದಿಲ್ಲ. ನಮಗೆ ನದಿ ಶಾಂತವಾಗಿಯೇ ಸಿಕ್ಕಿತು. "ನಡುವ ಕುಂದ್ರಿ, ಅಂಚಿಗೆ ಕೈ ಹಾಕಬ್ಯಾಡ್ರಿ" ಎಂದು ಹುಟ್ಟು ಹಾಕುವವರು ನಮ್ಮನ್ನು ಎದುರುಬದುರು ಕೂರಿಸಿದರು. ಬಿದಿರಿನ ಹೆಣಿಗೆ, ಅದರ ಹೊರಗೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಮೇಲೆ ಡಾಂಬರು. ಪೋರ್ಚುಗೀಸರ ಡೊಮಿಂಗೊ ಪಾಯಸ್ 1520ರ ಸುಮಾರಿನಲ್ಲಿ ಆನೆಗೊಂದಿಗೆ ದಾಟುವ ದೋಣಿಗಳ ಬಗ್ಗೆ ಬರೆದದ್ದು ಅಲ್ಲಿ ನೆನಪಾಯಿತು. ಬುಟ್ಟಿಯ ಹಾಗೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಯುತ್ತವೆ, ಕುದುರೆ, ಎತ್ತುಗಳನ್ನೂ ದಾಟಿಸಬಹುದು, ಯಾವಾಗಲೂ ಸುತ್ತುತ್ತಲೇ ಸಾಗುತ್ತವೆ ಎಂಬುದು ಅವನ ವರ್ಣನೆ. ಚರ್ಮ ಹೋಗಿ ಪ್ಲಾಸ್ಟಿಕ್ ಬಂದಿದೆ. ಉಳಿದದ್ದೆಲ್ಲ ಅವನು ಕಂಡಂತೆಯೇ. ರಾಬರ್ಟ್ ಸೆವೆಲ್ 1900ರಲ್ಲಿ ಅವನ ಬರವಣಿಗೆಯನ್ನು ಇಂಗ್ಲಿಷಿಗೆ ತಂದುಕೊಟ್ಟದ್ದರಿಂದ ನಮಗೆ ಇದು ಗೊತ್ತು.

ನೀರಿನ ಮಟ್ಟದಿಂದ ಊರು ಬೇರೆಯಾಗಿ ಕಾಣುತ್ತದೆ. ಬಂಡೆಯ ಮೇಲೆ ಸಾಲುಸಾಲಾಗಿ ಕೊರೆದ ಕೋಟಿಲಿಂಗ ಹರಿಗೋಲಿನಿಂದ ಕೈಗೆ ಸಿಗುವಷ್ಟು ಹತ್ತಿರ. ಕೆಳಗೆ ವಿಠ್ಠಲ ದೇವಾಲಯದ ಕಡೆ ಪುರಂದರದಾಸರ ಮಂಟಪ ನೀರಂಚಿನಲ್ಲೇ ನಿಂತಿದೆ, ಹೊಳೆ ಏರಿದಾಗ ಮುಳುಗಿ ಮತ್ತೆ ಏಳುತ್ತದೆ. ಅದರ ಬಳಿಯೇ ವಿಜಯನಗರದವರ ಸೇತುವೆಯ ಕಲ್ಲುಕಂಬಗಳು ನದಿಯಲ್ಲಿ ಸಾಲಾಗಿ ನಿಂತಿವೆ. ಮೇಲಿನ ಹಾಸು ಎಂದೋ ಹೋಗಿದೆ. ತಳವಾರಘಟ್ಟದ ಹತ್ತಿರ ನಮ್ಮ ಕಾಲದವರು ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದುಬಿತ್ತು. ಅಲ್ಲಿ ಈಗಲೂ ಜನ ದೋಣಿಯಲ್ಲಿ ದಾಟುತ್ತಾರೆ. ನಾವೂ ದಾಟಿದೆವು.

ಆನೆಗೊಂದಿಯ ಕಡೆ ಕಾಲುವೆ ಸಾಣಾಪುರದಿಂದ ಬರುತ್ತದೆ. ಇದು ಕಿಷ್ಕಿಂಧೆ ಎಂದು ಜನ ನಂಬಿದ ನಾಡು. ನಮ್ಮ ಗುಬ್ಬಿ ತಾಲ್ಲೂಕಿನ ಕಡಬದ ದೊಡ್ಡ ಕೆರೆಗೂ ರಾಮನ ಕತೆಯಿದೆ. ಲಂಕೆಯಿಂದ ಹಿಂತಿರುಗುವಾಗ ಸೀತೆ ಕೇಳಿದ್ದಕ್ಕೆ ರಾಮ ಶಿಂಷೆಗೆ ಅಡ್ಡಲಾಗಿ ಏರಿ ಹಾಕಿಸಿದ ಎಂಬ ಐತಿಹ್ಯ ಅದು. ಗೆಳೆಯ ಕಾಲುವೆಯ ಪಕ್ಕದ ಚಹಾದಂಗಡಿಯಲ್ಲಿ ಕೂತು ಆ ಕತೆ ಹೇಳಿದ್ದೇ ತಡ, ಸುತ್ತಲಿದ್ದ ನಾಲ್ಕಾರು ರೈತರು ನಮ್ಮ ಕಡೆ ತಿರುಗಿದರು. ನಿಮ್ಮ ಕಡೆ ಕಾಲುವೆ ಐತೇನ್ರಿ ಎಂದು ಹಿರಿಯರೊಬ್ಬರು ಕೇಳಿದರು.

ಗೆಳೆಯ ಹೇಮಾವತಿಯ ವಿಷಯ ಹೇಳಿದ. ಹಾಸನದ ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟೆ ಆದದ್ದು, ಬಾಗೂರು–ನವಿಲೆಯಲ್ಲಿ ಬೆಟ್ಟದಡಿ ಸುರಂಗ ಕೊರೆದು ನೀರನ್ನು ನಮ್ಮ ಜಿಲ್ಲೆಗೆ ತಂದದ್ದು, ತುಮಕೂರಿನ ಜನ ಕುಡಿಯುವ ಬುಗುಡನಹಳ್ಳಿ ಕೆರೆಗೂ ಆ ನೀರೇ ಬರುವುದು. ನಾಲೆ ನಮ್ಮ ತಾಲ್ಲೂಕಿನಲ್ಲೇ ಹಾಯ್ದಿದ್ದರೂ ಎಲ್ಲ ಕೆರೆಗೂ ಮುಟ್ಟದ್ದು. ಹಿರಿಯರು ಪೂರ್ತಿ ಕೇಳಿ, "ಕಡೀ ಹೊಲದವ್ರಿಗೆ ಮುಟ್ತೈತೇನ್ರಿ?" ಅಂದರು. ನೀರಿನವರು ನೀರಿನವರನ್ನು ಕೇಳುವ ಮೊದಲ ಪ್ರಶ್ನೆ ಅದೇ ಇರಬೇಕು.

"ನಮ್ಮ ತಾತ ಬರದ ವರ್ಷ ಕಡೇ ಗದ್ದೆಯಿಂದ ಶುರು ಮಾಡೋರು. ತೂಬಿನ ಪಕ್ಕದವನಿಗೆ ಜಿನುಗಿದ್ದಾದರೂ ಸಿಗುತ್ತೆ, ಕಡೆಯವನಿಗೆ ಏನೂ ಇಲ್ಲ ಅಂತ" ಎಂದ ಗೆಳೆಯ.

ಹಿರಿಯರು ಒಪ್ಪಲಿಲ್ಲ. ಕೆರೆಯಲ್ಲಿ ಅದು ನಡೆಯುತ್ತದೆ, ಕೆರೆಯ ನೀರು ಎಷ್ಟಿದೆ ಎಂದು ಕಣ್ಣಿಗೆ ಕಾಣುತ್ತದೆ. ಕಾಲುವೆಯಲ್ಲಿ ಮೈಲುಗಟ್ಟಲೆ ಮಡೆ ಮುಚ್ಚಿಸಿ ಕಡೆಗೆ ನೀರು ಒಯ್ಯುವುದೆಂದರೆ ಮೇಲಿನವರೆಲ್ಲ ರಾತ್ರಿ ನಿದ್ದೆಗೆಟ್ಟು ತಡೆದುಕೊಳ್ಳಬೇಕು, ಅಷ್ಟು ತಾಳ್ಮೆ ಈಗ ಯಾರಿಗಿದೆ ಎಂದು ಅವರ ವಾದ. ಪಕ್ಕದ ಇನ್ನೊಬ್ಬರು, ತಮ್ಮ ಕಾಲುವೆಯಲ್ಲಿ ಪಾಳಿಯ ಗಂಟೆ ಗೊತ್ತುಮಾಡಿದ ವರ್ಷ ಜಗಳವೇ ಆಗಲಿಲ್ಲ ಎಂದರು. ಯಾವ ವರ್ಷ, ಯಾರು ಗೊತ್ತುಮಾಡಿದ್ದು, ಕಾವಲಿಗೆ ಯಾರಿದ್ದರು ಎಂದು ಗೆಳೆಯ ಒಂದೊಂದಾಗಿ ಕೇಳುತ್ತ ಹೋದ. ಕಾವಲಿನವನಿಗೆ ಕೊಡುವುದೇನು ಎಂಬಲ್ಲಿಗೆ ಮಾತು ಬಂದಾಗ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಅಂಗಡಿಯವರು ಕೇಳದೆಯೇ ಎರಡನೇ ಸುತ್ತಿನ ಚಹಾ ಇಟ್ಟರು.